ಹಲ್ಲಿಗೆ ಬೆಳ್ಳಿ ಹೋಗಿ ಬಿಳಿ ಬರುತ್ತಿದೆ: ಗಡಿ ಊರುಗಳಿಗೆ ಲಾಭವೋ, ನಷ್ಟವೋ?

ಜಹೀರಾಬಾದ್: ಹಲ್ಲು ಹುಳುಕಾದರೆ ನಮ್ಮ ಗಡಿ ಹಳ್ಳಿಗಳಲ್ಲಿ ಇಂದಿಗೂ ಮೊದಲು ನೆನಪಾಗುವುದು ಲವಂಗ. ಆಮೇಲೆ ನೋವಿನ ಗುಳಿಗೆ, ಕೊನೆಗೆ ಕೀಳಿಸುವುದು. ತುಂಬಿಸಿ ಉಳಿಸಿಕೊಳ್ಳಬಹುದು ಎಂಬ ಮಾತು ಬರುವಷ್ಟರಲ್ಲಿ ಹಲ್ಲು ಕೈಬಿಟ್ಟಿರುತ್ತದೆ. ಈಗ ಆ ತುಂಬಿಸುವ ವಸ್ತುವೇ ಬದಲಾಗುತ್ತಿದೆ. ಜಹೀರಾಬಾದ್, ನಾರಾಯಣಖೇಡ, ತಾಂಡೂರಿನ ಬಡವರಿಗೆ ಇದರಿಂದ ಏನಾಗಲಿದೆ ಎಂಬುದು ಪ್ರಶ್ನೆ.

2025ರ ನವೆಂಬರ್‌ನಲ್ಲಿ ಜಿನೀವಾದಲ್ಲಿ ಸೇರಿದ್ದ ಮಿನಮಾಟಾ ಒಪ್ಪಂದದ ರಾಷ್ಟ್ರಗಳು, ಹಲ್ಲಿಗೆ ತುಂಬುವ ಅಮಾಲ್ಗಮ್ ಅನ್ನು 2034ರೊಳಗೆ ಕೈಬಿಡಲು ತೀರ್ಮಾನಿಸಿದವು. ಭಾರತ ಈ ಒಪ್ಪಂದವನ್ನು 2018ರಲ್ಲೇ ಅನುಮೋದಿಸಿದೆ. ಜನ 'ಬೆಳ್ಳಿ' ಎನ್ನುವ ಈ ಮಿಶ್ರಣದಲ್ಲಿ ಸುಮಾರು ಅರ್ಧ ಭಾಗ ಪಾದರಸ. ಉಳಿದದ್ದು ಬೆಳ್ಳಿ, ತವರ, ತಾಮ್ರ. ದವಾಖಾನೆಯ ಕಸದಿಂದ ಪಾದರಸ ನೀರಿಗೆ ಸೇರಿ, ಮೀನಿನ ಮೂಲಕ ಮತ್ತೆ ಮನುಷ್ಯನ ಹೊಟ್ಟೆಗೆ ಬರುತ್ತದೆ ಎಂಬುದೇ ಮುಖ್ಯ ಚಿಂತೆ.

ಹಾಗೆಂದು ಬಾಯಲ್ಲಿರುವ ಹಳೆಯ ಬೆಳ್ಳಿಗೆ ಹೆದರಬೇಕಿಲ್ಲ. ಅದು ಗಟ್ಟಿಯಾಗಿದ್ದರೆ ಇರಲಿ. ಸುಮ್ಮನೆ ಕೊರೆಸಿ ತೆಗೆಸಿದರೆ ಪಾದರಸದ ಆವಿ ಹೆಚ್ಚು ಹೊರಬರುತ್ತದೆ, ಒಳ್ಳೆಯ ಹಲ್ಲೂ ಸವೆಯುತ್ತದೆ.

ಅದರ ಜಾಗಕ್ಕೆ ಬರುವ ಹಲ್ಲಿನ ಬಣ್ಣದ ವಸ್ತುಗಳು ಮುಖ್ಯವಾಗಿ ಎರಡು. ಒಂದು ಕಾಂಪೋಸಿಟ್. ಇದು ರಾಳದಲ್ಲಿ ಗಾಜಿನ ಸಣ್ಣ ಪುಡಿ ಬೆರೆಸಿದ್ದು. ಹಲ್ಲಿಗೆ ಆಮ್ಲ ಸವರಿ, ತೊಳೆದು, ಅಂಟು ಹಚ್ಚಿ, ಸುಮಾರು 2 ಮಿಲಿಮೀಟರ್ ದಪ್ಪದ ಪದರಗಳಲ್ಲಿ ತುಂಬಿ, ನೀಲಿ ಬೆಳಕು ಹಿಡಿದು ಗಟ್ಟಿ ಮಾಡುತ್ತಾರೆ. ನೋಡಲು ಚೆಂದ, ಒಂದೇ ಭೇಟಿಯಲ್ಲಿ ಕೆಲಸ ಮುಗಿಯುತ್ತದೆ. ಆದರೆ ಎಂಜಲು ತಾಗಿದರೆ ಹಿಡಿಯುವುದಿಲ್ಲ. ಕರೆಂಟು, ಯಂತ್ರ, ನುರಿತ ಕೈ, ಸಮಯ ಎಲ್ಲವೂ ಬೇಕು. ಖರ್ಚು ಜಾಸ್ತಿ, ದವಡೆ ಹಲ್ಲಿನಲ್ಲಿ ಬಾಳಿಕೆ ಬೆಳ್ಳಿಗಿಂತ ಕಡಿಮೆ.

ಎರಡನೆಯದು ಗ್ಲಾಸ್ ಅಯನೋಮರ್ ಸಿಮೆಂಟ್. ಇದು ಹಲ್ಲಿಗೆ ತಾನಾಗಿ ಅಂಟಿ, ನಿಧಾನವಾಗಿ ಫ್ಲೋರೈಡ್ ಬಿಡುತ್ತದೆ. ಕೊರೆಯುವ ಯಂತ್ರವಿಲ್ಲದೆ, ಕೈ ಸಲಕರಣೆಯಿಂದ ಹುಳುಕು ಕೆರೆದು ಇದನ್ನು ತುಂಬುವ ವಿಧಾನ 1980ರ ದಶಕದಲ್ಲಿ ಆಫ್ರಿಕಾದ ಟಾಂಜಾನಿಯಾದಲ್ಲಿ ಆರಂಭವಾಯಿತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಈ ಸಿಮೆಂಟನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ. ದೊಡ್ಡ ಕುಳಿಗೆ ಇದರ ಬಲ ಸಾಲದು. ಆದರೆ ಶಾಲೆಯಲ್ಲೇ ಮಕ್ಕಳ ಸಣ್ಣ ಕುಳಿ ಮುಚ್ಚಲು ಇದಕ್ಕಿಂತ ಅನುಕೂಲವಾದದ್ದು ಕಡಿಮೆ.

ಆತಂಕ ಇರುವುದು ಇಲ್ಲಿಯೇ. ಅಗ್ಗದ ಬೆಳ್ಳಿ ಹೋಗಿ, ಸರ್ಕಾರಿ ದವಾಖಾನೆಗೆ ಬಿಳಿ ಸಾಮಾನು ಬರದಿದ್ದರೆ ಬಡವನಿಗೆ ಉಳಿಯುವುದು ಇಕ್ಕಳ ಒಂದೇ. ದುಡ್ಡಿದ್ದವನ ಹಲ್ಲು ಬಿಳಿಯಾಗಿ ಉಳಿಯುತ್ತದೆ, ಕೂಲಿಯವನ ಹಲ್ಲು ಬೀಳುತ್ತದೆ.

ಗಡಿಯವರಿಗೆ ಎರಡೂ ಕಡೆ ದಾರಿ ಉಂಟು. ತಾಂಡೂರಿನಿಂದ ರೈಲು ಹತ್ತಿದರೆ ಕಲಬುರಗಿಯ ಎಸ್. ನಿಜಲಿಂಗಪ್ಪ ದಂತ ವೈದ್ಯಕೀಯ ಸಂಸ್ಥೆ, ಇತ್ತ ಹೈದರಾಬಾದಿನಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಇವೆ. ಕಾಲೇಜು ದವಾಖಾನೆಗಳಲ್ಲಿ ಶುಲ್ಕ ಸಾಮಾನ್ಯವಾಗಿ ಕಡಿಮೆ. ಆದರೆ ಒಂದು ಕುಳಿಗಾಗಿ ಒಂದು ದಿನದ ಕೂಲಿ ಬಿಟ್ಟು ಹೋಗುವವರು ಎಷ್ಟು ಮಂದಿ?

ಆದ್ದರಿಂದ ಬೇಡಿಕೆ ಇಲ್ಲಿಂದಲೇ ಏಳಬೇಕು. ಮೂರೂ ಊರುಗಳ ಸರ್ಕಾರಿ ದವಾಖಾನೆಗಳಲ್ಲಿ ಸಿಮೆಂಟ್ ಸದಾ ಸಿಗಬೇಕು, ಶಾಲಾ ತಪಾಸಣೆ ಬರೀ ಬಾಯಿ ನೋಡಿ ಚೀಟಿ ಬರೆಯುವಲ್ಲಿಗೆ ನಿಲ್ಲಬಾರದು. ಕನ್ನಡದಲ್ಲಿ ಕೇಳಿ, ತೆಲುಗಿನಲ್ಲಿ ಕೇಳಿ, ಆದರೆ ಕೀಳಿಸುವ ಮುನ್ನ ಡಾಕ್ಟರನ್ನು ಒಮ್ಮೆ ಕೇಳಿ: ಈ ಹಲ್ಲು ಉಳಿಯುತ್ತದೆಯೇ? ನೋವು ಶುರುವಾಗುವ ಮೊದಲೇ ಕೇಳಿದರೆ, ಹೌದು ಎಂಬ ಉತ್ತರ ಸಿಗುವ ಸಾಧ್ಯತೆ ಹೆಚ್ಚು.