ಸೌದೆ ನಮ್ಮದು, ಕರೆಂಟಿನ ದುಡ್ಡು ಯಾರದ್ದು?



ಮೂಡಿಗೆರೆ, ಕಳಸದ ತೋಟಗಳಲ್ಲಿ ಮರಗಸಿಯಾದ ಮೇಲೆ ಬೀಳುವ ಕೊಂಬೆ, ಕಿತ್ತ ಹಳೇ ಕಾಫಿ ಗಿಡ, ಸಿಲ್ವರ್ ಮರದ ತುದಿ ಎಷ್ಟೆಂದು ನಿಮಗೇ ಗೊತ್ತು. ಇದನ್ನೆಲ್ಲ ಉರಿಸಿ ಕರೆಂಟು ತೆಗೆಯಬಹುದು ಅಂತಾರೆ. ತೆಗೆಯಲಿ, ಬೇಡ ಅಂದವರಾರು? ಆದರೆ ಸೌದೆಗೆ ಬೆಲೆ ಕಟ್ಟುವವರು ಯಾರು? ಅದನ್ನು ಮೊದಲು ಕೇಳಿ.

ನಮ್ಮ ರಾಜ್ಯದಲ್ಲಿ ಮರಗಿಡ, ಬೆಳೆ ಕಸದಿಂದ ಹುಟ್ಟುವ ಕರೆಂಟಿನ ಬಹುಪಾಲು ಬರುವುದು ಬೆಳಗಾವಿ, ಬಾಗಲಕೋಟೆ ಕಡೆಯ ಸಕ್ಕರೆ ಕಾರ್ಖಾನೆಗಳಿಂದ. ಅಲ್ಲಿ ಕಬ್ಬಿನ ಸಿಪ್ಪೆ ಕಾರ್ಖಾನೆಯೊಳಗೇ ರಾಶಿ ಬೀಳುತ್ತದೆ. ನಮ್ಮ ಸೌದೆ ಗುಡ್ಡಗುಡ್ಡಕ್ಕೆ ಚದುರಿದೆ. ಒಂದು ಯೂನಿಟ್ಟಿಗೆ ಒಂದು ಕಿಲೋಗಿಂತ ಹೆಚ್ಚು ಸೌದೆ ಬೇಕು. ಒಂದು ಮೆಗಾವಾಟಿನ ಸ್ಥಾವರ ಹಗಲೂ ರಾತ್ರಿ ನಡೆದರೆ ದಿನಕ್ಕೆ ಸುಮಾರು 30 ಟನ್. ಘಾಟಿ ರಸ್ತೆಯಲ್ಲಿ ಲಾರಿ ಬಾಡಿಗೆಯೇ ಲಾಭ ತಿನ್ನುತ್ತದೆ. ದೂರ ಸಾಗಿಸಲಾಗದು ಅಂದಮೇಲೆ ಒಂದು ಸೀಮೆಗೆ ಒಂದೇ ಸ್ಥಾವರ, ಕೊಳ್ಳುವವನೂ ಒಬ್ಬನೇ. ವಿದ್ಯುತ್ ನಿಯಂತ್ರಣ ಆಯೋಗ ಕರೆಂಟಿನ ದರ ಕಟ್ಟುವಾಗ ಸೌದೆಗೆ ಟನ್ನಿಗಿಷ್ಟು ಅಂತ ಲೆಕ್ಕ ಹಿಡಿಯುತ್ತದೆ. ಆ ದುಡ್ಡು ರೈತನ ಕೈ ಮುಟ್ಟಬೇಕೆಂಬ ಕಟ್ಟುಪಾಡು ಮಾತ್ರ ಇಲ್ಲ!

ಮರ ನುಂಗುವ ಕಂಪನಿಯನ್ನು ಹಿಂದೆಯೂ ಕಂಡಿದ್ದೇವೆ. 1984ರಲ್ಲಿ ಹುಟ್ಟಿದ ಕರ್ನಾಟಕ ಪಲ್ಪ್‌ವುಡ್‌ನಲ್ಲಿ ಸರ್ಕಾರಕ್ಕೆ ನೂರಕ್ಕೆ 51, ಹರಿಹರ ಪಾಲಿಫೈಬರ್ಸ್‌ಗೆ 49 ಪಾಲು. ಹಳ್ಳಿಗರ ಸೌದೆ, ಮೇವಿನ ಜಾಗಕ್ಕೆ ನೀಲಗಿರಿ ಬಂತು. 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ನೀಲಗಿರಿ ಕಿತ್ತು ತಮಗೆ ಬೇಕಾದ ಸಸಿ ನೆಟ್ಟರು. ಅದೇ 'ಕಿತ್ತಿಕೊ-ಹಚ್ಚಿಕೊ'. 1991ರಲ್ಲಿ ಕಂಪನಿ ಬಾಗಿಲು ಹಾಕಿತು.

ನಮ್ಮ ಅಪಾಯ ಬೇರೆ ಥರದ್ದು. ಸಿಲ್ವರ್ ಕಡಿಯಲು 1976ರ ಮರ ಸಂರಕ್ಷಣೆ ಕಾಯಿದೆಯಲ್ಲಿ ವಿನಾಯಿತಿ ಉಂಟು. ಬ್ಯಾಂಕಿನ ನೋಟೀಸು ಬಂದಾಗ ಸಣ್ಣ ಬೆಳೆಗಾರ ಮೊದಲು ಮಾರುವುದು ಅದನ್ನೇ. ಎದುರಿಗೆ ಹಸಿದ ಬಾಯ್ಲರ್ ಇದ್ದರೆ ಕೊಂಬೆಯ ಜೊತೆ ಬುಡವೂ ಹೋದೀತು. ನೆರಳು ಹೋದರೆ ಕಾಫಿ ಹೋಯಿತು, ಮೆಣಸಿನ ಬಳ್ಳಿ ಹೋಯಿತು. ಸಾಲ ಮಾತ್ರ ಉಳಿಯಿತು.

ಬೇರೆ ದಾರಿಯೂ ಇದೆ. 1988ರಲ್ಲಿ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸೌದೆಯಿಂದ ಅನಿಲ ಮಾಡಿ, ಜೊತೆಗೆ ಸ್ವಲ್ಪ ಡೀಸೆಲ್ ಸೇರಿಸಿ ಎಂಜಿನ್ ಓಡಿಸಿತು. ಊರ ಸೌದೆಯಿಂದ ಊರಿಗೇ ದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿ.

ಆದ್ದರಿಂದ ಸೌದೆ ಕೇಳಿ ಯಾರೇ ಬರಲಿ, ಮೂರು ಮಾತು ಬರಹದಲ್ಲಿ ಕೇಳಿ. ಆಯೋಗ ಲೆಕ್ಕ ಹಿಡಿದ ಸೌದೆ ದರ ತೂಕದ ಚೀಟಿಯ ಮೇಲೆ ನಮಗೇ ಸಿಗಬೇಕು. ಕೊಂಬೆ, ಕಸ ಬಿಟ್ಟು ನಿಂತ ಮರಕ್ಕೆ ಕೈ ಹಾಕಬಾರದು. ಸ್ಥಾವರದಲ್ಲಿ ಬೆಳೆಗಾರರ ಸಹಕಾರ ಸಂಘಕ್ಕೆ ಪಾಲಿರಬೇಕು. ಒಪ್ಪದಿದ್ದರೆ ಒಂದು ಕಡ್ಡಿಯನ್ನೂ ಕೊಡಬೇಡಿ. ಕೊಂಬೆ ತೋಟದಲ್ಲೇ ಕೊಳೆತು ಗೊಬ್ಬರವಾಗಲಿ, ನಷ್ಟವೇನಿಲ್ಲ.