ಹಿತ್ತಿಲಿಲ್ಲದ ಮನೆಗೊಂದು ತಿಪ್ಪೆ

ತಿಪ್ಪೆ ಎಂಬ ಪದ ಇಂದು ಬೈಗುಳವಾಗಿ ಉಳಿದಿದೆ. ಒಕ್ಕಲು ಮನೆತನಗಳಲ್ಲಾದರೋ ಅದು ಸಂಪತ್ತಿನ ಲೆಕ್ಕಕ್ಕೆ ಸೇರಿದುದು. ದೀಪಾವಳಿಯಲ್ಲಿ ತಿಪ್ಪೆಗೂ ಒಂದು ಹಣತೆ ಹಚ್ಚಿಡುವ ರೂಢಿ ಹಲವು ಊರುಗಳಲ್ಲಿದೆ. ಹಿತ್ತಿಲನ್ನು ಹಳ್ಳಿಯಲ್ಲಿಯೇ ಬಿಟ್ಟು ನಗರದ ಮೂರನೆಯ ಅಂತಸ್ತಿನಲ್ಲಿ ನೆಲೆಸಿದ ಕುಟುಂಬಗಳು ಬದನೆಯ ತೊಟ್ಟು, ಬಾಳೆಯ ಸಿಪ್ಪೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟುಕಟ್ಟಿ ಹೊರಗಿಡುತ್ತವೆ. ಅಂಗೈಯಗಲ ಮಣ್ಣಿಲ್ಲದ ಮನೆಯಲ್ಲಿ ಬೇರೇನು ಮಾಡಲಾದೀತು ಎಂಬುದು ಅವರ ಪ್ರಶ್ನೆ.

ಆ ಗಂಟು ಹೋಗಿ ಸೇರುವುದೆಲ್ಲಿಗೆ ಎಂಬುದನ್ನು ಮೊದಲು ಅರಿಯಬೇಕು. ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಮಾವಳ್ಳಿಪುರ, ಮಂಡೂರು ಗ್ರಾಮಗಳ ಬಳಿ ಸುರಿಯಲಾಯಿತು. ನಾತವನ್ನೂ ಕೆಟ್ಟ ನೀರನ್ನೂ ಸಹಿಸಲಾರದೆ ಊರವರು ಪ್ರತಿಭಟಿಸಿದ ಮೇಲೆ ಮಾವಳ್ಳಿಪುರದಲ್ಲಿ 2012ರಲ್ಲಿ, ಮಂಡೂರಿನಲ್ಲಿ 2014ರಲ್ಲಿ ಅದು ನಿಂತಿತು. ಮನೆಗಸದಲ್ಲಿ ಅರ್ಧಕ್ಕಿಂತ ಹೆಚ್ಚಿನದು ಅಡುಗೆಮನೆಯ ಹಸಿ ಕಸ. ಗಾಳಿಯಾಡದ ರಾಶಿಯಲ್ಲಿ ಕೊಳೆತು ಮೀಥೇನ್ ಅನಿಲವನ್ನು ಹೊಮ್ಮಿಸುವುದೂ ಅದೇ. ಬೆರೆಸಿ ಕಟ್ಟಿದ ಗಂಟನ್ನು ಬಿಚ್ಚಿ ಬೇರ್ಪಡಿಸುವ ಕೈಗಳು ಪೌರಕಾರ್ಮಿಕರವು. ನಾವು ಮುಟ್ಟಲು ಹೇಸುವುದನ್ನು ಅವರು ಮುಟ್ಟಲಿ ಎನ್ನುವುದು ಯಾವ ನ್ಯಾಯ?

ಇದಕ್ಕೆ ತೋಟ ಬೇಡ, ಬಾಲ್ಕನಿಯ ಒಂದು ಮೂಲೆ ಸಾಕು. ಮುಚ್ಚಳವುಳ್ಳ 20 ಲೀಟರಿನ ಎರಡು ಬಕೆಟ್ಟುಗಳಿಗೆ ತಳದಲ್ಲಿಯೂ ಪಕ್ಕಗಳಲ್ಲಿಯೂ ರಂಧ್ರ ಕೊರೆದು, ಕೆಳಗೊಂದು ತಟ್ಟೆ ಇಡಬೇಕು. ಮಣ್ಣಿನ ಗಡಿಗೆಯಾದರೆ ಇನ್ನೂ ಲೇಸು. ತಳಕ್ಕೆ ಎರಡು ಅಂಗುಲ ತರಗೆಲೆ ಅಥವಾ ತೆಂಗಿನ ನಾರಿನ ಪುಡಿ. ಮೇಲೆ ಅಂದಂದಿನ ಸಿಪ್ಪೆಗಳನ್ನು ಸಣ್ಣಗೆ ಹೆಚ್ಚಿ ಹಾಕಿ, ಅಷ್ಟೇ ಪ್ರಮಾಣದ ಒಣ ಎಲೆಯಿಂದ ಮುಚ್ಚಬೇಕು. ಮೊದಲ ದಿನ ಒಂದು ಹಿಡಿ ಹಳೆಯ ಗೊಬ್ಬರ ಬೆರೆಸಿದರೆ ಕೊಳೆಯುವಿಕೆ ಬೇಗ ಆರಂಭವಾಗುತ್ತದೆ. ಅದು ಸಿಗದಿದ್ದರೆ ಹುಳಿ ಮಜ್ಜಿಗೆಯನ್ನು ಚಿಮುಕಿಸುವವರೂ ಇದ್ದಾರೆ. ಮೂರು ನಾಲ್ಕು ದಿನಗಳಿಗೊಮ್ಮೆ ಕೋಲಿನಿಂದ ತಿರುವಬೇಕು. ಎಣ್ಣೆ, ಉಪ್ಪು ಹೆಚ್ಚಿರುವ ಉಳಿಕೆ ಅಡುಗೆಯನ್ನು ಆದಷ್ಟು ದೂರವಿಡುವುದು ಒಳಿತು.

ನಾತ ಬರುವುದೆಂಬ ಭಯವೇ ಬಹಳ ಮಂದಿಯನ್ನು ಹಿಂಜರಿಸುತ್ತದೆ. ನಾತಕ್ಕೆ ಕಾರಣ ಕಸವಲ್ಲ, ಗಾಳಿಯ ಕೊರತೆ ಮತ್ತು ಮಿತಿಮೀರಿದ ತೇವ. ಒಂದು ಹಿಡಿ ತೆಗೆದು ಹಿಂಡಿದಾಗ ಒದ್ದೆ ಬಟ್ಟೆಯನ್ನು ಹಿಂಡಿ ಹರವಿದಂತಿರಬೇಕು. ನೀರು ತೊಟ್ಟಿಕ್ಕಿದರೆ ತರಗೆಲೆ ಸೇರಿಸಿ ತಿರುವುವುದು, ಪುಡಿಪುಡಿಯಾಗಿ ಉದುರಿದರೆ ನೀರು ಚಿಮುಕಿಸುವುದು. ಕೆಲವೊಮ್ಮೆ ಹುಳುಗಳು ಕಾಣಿಸುತ್ತವೆ. ಅವು ಕಸವನ್ನು ತಿಂದು ಕರಗಿಸುವ ಕೆಲಸಗಾರರು. ಕಣ್ಣಿಗೆ ಹಿತವಲ್ಲದಿದ್ದರೆ ಮೇಲೊಂದು ಪದರ ಒಣ ಎಲೆ ಹರಡಿದರಾಯಿತು.

ಪೂಜೆಯ ಹೂ ಪತ್ರೆಗಳನ್ನು ಇದರೊಡನೆ ಬೆರೆಸಬಹುದೇ ಎಂದು ತಾಯಂದಿರು ಸಂಕೋಚದಿಂದ ಕೇಳುವುದುಂಟು. ಪ್ಲಾಸ್ಟಿಕ್ ಚೀಲಸಮೇತ ಕೆರೆಗೆ ಎಸೆಯುವಾಗ ಆ ಸಂಕೋಚ ಎಲ್ಲಿ ಹೋಗಿರುತ್ತದೆಯೋ! ಮನಸ್ಸು ಒಪ್ಪದಿದ್ದರೆ ಅವಕ್ಕೆ ಒಂದು ಪ್ರತ್ಯೇಕ ಕುಂಡವಿರಲಿ. ದಾರವನ್ನು ಬಿಡಿಸಿ ತೆಗೆಯಬೇಕು. ಬಿಲ್ವದ ಎಲೆ ಗಡುಸಾದುದರಿಂದ ಹರಿದು ಹಾಕಬೇಕು.

ಒಂದು ಬಕೆಟ್ಟು ತುಂಬಿದ ಮೇಲೆ ಅದನ್ನು ಬದಿಗಿಟ್ಟು, ಎರಡನೆಯದನ್ನು ಆರಂಭಿಸುವುದು. ಸುಮಾರು ಎರಡು ತಿಂಗಳಲ್ಲಿ ಮೊದಲಿನದು ಕುಗ್ಗಿ, ಕಪ್ಪಾಗಿ, ಮೊದಲ ಮಳೆಯ ಮಣ್ಣಿನ ವಾಸನೆ ಬೀರತೊಡಗುತ್ತದೆ. ಕೊತ್ತಂಬರಿ, ತುಳಸಿಯ ಕುಂಡಗಳಿಗೆ ಬೇಕಾದಷ್ಟನ್ನು ಮಣ್ಣಿನೊಡನೆ ಬೆರೆಸಿ, ಮಿಕ್ಕುದನ್ನು ಬೀದಿಯ ಮರಗಳ ಬುಡಕ್ಕೆ ಹಾಕಬಹುದು; ಊರಿಗೆ ಹೋಗುವಾಗ ಹೊಲಕ್ಕೂ ಒಯ್ಯಬಹುದು. ಇದನ್ನು ಸೊಸೆಯೊಬ್ಬಳ ತಲೆಗೆ ಕಟ್ಟುವುದು ಮಾತ್ರ ಬೇಡ. ಹೆಚ್ಚುವ ಕೆಲಸ ಅವಳದಾದರೆ, ಕೋಲು ಹಿಡಿದು ತಿರುವುವ ಕೆಲಸ ಯಜಮಾನರದಾಗಲಿ.