ಕುರ್ಚಿ ಕೊಡದವರು ಗಂಟೆ ಕೇಳುತ್ತಿದ್ದಾರೆ

ನಮ್ಮ ಸುಳ್ಯದ ಅಜ್ಜಾವರದಿಂದ ಮಂಡೆಕೋಲು ದಾಟಿ ಕೇರಳದ ಮಣ್ಣಿಗೆ ಕಾಲಿಟ್ಟರೆ, ಬಟ್ಟೆ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುವ ಹುಡುಗಿಗೆ ಗಿರಾಕಿ ಇಲ್ಲದ ಹೊತ್ತಿನಲ್ಲಿ ಕುಳಿತುಕೊಳ್ಳುವ ಹಕ್ಕಿದೆ. 2018ರಲ್ಲಿ ಅಲ್ಲಿನ ಸರ್ಕಾರ ತನ್ನ ಅಂಗಡಿ ಕಾಯ್ದೆಯನ್ನು ತಿದ್ದಿ ಅದನ್ನು ಬರೆದಿಟ್ಟಿತು. 2021ರಲ್ಲಿ ತಮಿಳುನಾಡು 1947ರ ತನ್ನ ಕಾಯ್ದೆಗೆ 22-ಎ ಎಂಬ ಕಲಂ ಸೇರಿಸಿ ಅದನ್ನೇ ಹೇಳಿತು. ನಮ್ಮ ಪಯಸ್ವಿನಿ ಹರಿದು ಹೋಗಿ ಕಾಸರಗೋಡಿನಲ್ಲಿ ಚಂದ್ರಗಿರಿಯೆಂಬ ಹೆಸರಲ್ಲಿ ಕಡಲು ಸೇರುತ್ತದೆ. ಆದರೆ ಅತ್ತಲಿಂದ ಒಂದು ಒಳ್ಳೆಯ ಕಾನೂನು ಹೊಳೆಗೆ ಎದುರಾಗಿ ಈಜಿ ಸುಳ್ಯಕ್ಕೆ ಬರಲು ಇಷ್ಟು ವರ್ಷ ಸಾಕಾಗಲಿಲ್ಲ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರಲ್ಲಿ ಕೂರುವ ಹಕ್ಕಿನ ಕಲಂ ಇಲ್ಲ. ನಮ್ಮ ಕಾರ್ಮಿಕ ಇಲಾಖೆಗೆ ಆ ಕಾಯ್ದೆ ನೆನಪಾದದ್ದು 2025ರ ಜೂನ್‌ನಲ್ಲಿ, ಅದೂ ದಿನದ ದುಡಿಮೆಯನ್ನು 9 ಗಂಟೆಯಿಂದ 10ಕ್ಕೆ ಏರಿಸುವುದಕ್ಕೆ.

ಸುಳ್ಯ, ಪುತ್ತೂರು ಈಗ ಹಳೆಯ ಪೇಟೆಗಳಲ್ಲ. ಜವಳಿ, ಚಿನ್ನ, ಮೊಬೈಲು, ಮಿಕ್ಸಿ-ಫ್ರಿಜ್ಜು, ತರಕಾರಿಯಿಂದ ಫಿನಾಯಿಲ್‌ವರೆಗೆ ಒಂದೇ ಸೂರಿನಡಿ ಸಿಗುವ ಸೂಪರ್ ಮಾರ್ಕೆಟ್ಟು, ಎಲ್ಲವೂ ಸರಣಿ ಮಳಿಗೆಗಳ ಕೈಗೆ ಬರುತ್ತಿವೆ. ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಕೊಚ್ಚಿಯಲ್ಲೋ ಮುಖ್ಯ ಕಚೇರಿ. ಇಲ್ಲಿ ಗಾಜಿನ ಬಾಗಿಲು, ಎ.ಸಿ., ಸಮವಸ್ತ್ರ. ಪಿಯುಸಿ, ಬಿ.ಕಾಂ. ಮುಗಿಸಿದ ಹಳ್ಳಿಯ ಹುಡುಗಿಯರಿಗೆ ಇದೇ ಹತ್ತಿರದ ಕೆಲಸ. ಬೆಂಗಳೂರಿಗೆ ಕಳುಹಿಸಲು ಮನೆಯವರಿಗೆ ಮನಸ್ಸಿಲ್ಲ, ತೋಟದ ಕೆಲಸಕ್ಕೆ ಹೋಗಲು ಇವರಿಗೆ ಮನಸ್ಸಿಲ್ಲ, ಸ್ವಸಹಾಯ ಸಂಘದ ಸಾಲದ ಕಂತು ವಾರವಾರ ಕಟ್ಟಲೇಬೇಕು. ಶೋರೂಂ ಕೆಲಸ ಅಂದರೆ ಊರಲ್ಲಿ ಮರ್ಯಾದೆಯೂ ಇದೆ.

ಆ ಮರ್ಯಾದೆಯ ಒಳಗೆ ಏನಿದೆ ಎಂದು ಅಲ್ಲಿ ದುಡಿದವರನ್ನು ಕೇಳಬೇಕು. ಅವರು ಸಂಬಳದಿಂದ ಮಾತು ಶುರು ಮಾಡುವುದಿಲ್ಲ, ಕಾಲಿನಿಂದ ಶುರು ಮಾಡುತ್ತಾರೆ. ಗಿರಾಕಿ ಇರಲಿ ಬಿಡಲಿ ಫ್ಲೋರಿನಲ್ಲಿ ನಿಂತೇ ಇರಬೇಕು. ಗೋಡೆಗೆ ಒರಗಿದರೆ ಸೂಪರ್‌ವೈಸರ್ ಕಣ್ಣು, ಅವನ ಕಣ್ಣು ತಪ್ಪಿದರೆ ಕ್ಯಾಮೆರಾ. ಐದು ನಿಮಿಷ ತಡವಾದರೆ ಲೇಟ್ ಮಾರ್ಕ್, ಲೇಟ್ ಮಾರ್ಕ್ ಕೂಡಿಬಂದರೆ ಅರ್ಧ ದಿನದ ಸಂಬಳ ಕಟ್. ಸ್ಟಾಕಿನಲ್ಲಿ ಏನಾದರೂ ಕಡಿಮೆ ಬಂದರೆ ‘ಶಾರ್ಟೇಜ್’ ಎಂದು ಆ ವಿಭಾಗದ ಎಲ್ಲರ ಸಂಬಳದಿಂದ ಹಂಚಿ ಮುರಿದುಕೊಳ್ಳುವುದು. ಕದ್ದವ ಯಾರೋ, ಕಟ್ಟುವವರು ಇವರು. ಜಾತ್ರೆ, ಮದುವೆ ಸೀಸನ್ ಬಂದರೆ ವಾರದ ರಜೆಯೂ ಇಲ್ಲ. ಮೂತ್ರಕ್ಕೆ ಹೋಗಲು ಕೇಳಬೇಕಾಗುತ್ತದೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡುವವರಿದ್ದಾರೆ. ಇದು ಒಂದು ಕಂಪನಿಯ ದೋಷವಾಗಿದ್ದರೆ ಹೆಸರು ಹೇಳಿ ಮುಗಿಸಬಹುದಿತ್ತು. ಇದು ಈ ವ್ಯಾಪಾರದ ರೂಢಿ. ಚೆನ್ನೈನ ಟಿ. ನಗರದ ಜವಳಿ ಮಳಿಗೆಗಳ ನೌಕರರ ಬದುಕನ್ನು ವಸಂತಬಾಲನ್ ‘ಅಂಗಾಡಿ ತೆರು’ ಎಂದು ಸಿನಿಮಾ ಮಾಡಿದ್ದು 2010ರಲ್ಲಿ. 2024ರಲ್ಲಿ ಹರಿಯಾಣದ ಮಾನೇಸರದಲ್ಲಿ ಅಮೆಜಾನ್ ಗೋದಾಮಿನ ಕಾರ್ಮಿಕರಿಂದ, ಗುರಿ ಮುಟ್ಟುವ ತನಕ ನೀರಿಗೂ ಶೌಚಕ್ಕೂ ಹೋಗುವುದಿಲ್ಲ ಎಂದು ಪ್ರತಿಜ್ಞೆ ಮಾಡಿಸಿದ ಸುದ್ದಿ ಬಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವೇ ನೋಟಿಸು ಕೊಡಬೇಕಾಯಿತು. ಸಿನಿಮಾ ಬಂದು ಹದಿನಾಲ್ಕು ವರ್ಷ ಕಳೆದಿತ್ತು, ಅಷ್ಟೇ.

ಕೇರಳದ ಕಾನೂನು ಆಕಾಶದಿಂದ ಉದುರಿದ್ದಲ್ಲ, ಎಡಪಕ್ಷದ ಸರ್ಕಾರವೆಂದು ತಾನಾಗಿ ಬಂದದ್ದೂ ಅಲ್ಲ. ಕೋಯಿಕ್ಕೋಡಿನ ಮಿಠಾಯಿ ತೆರುವಿನಲ್ಲಿ ಅಂಗಡಿ ಕೆಲಸದ ಹೆಂಗಸರಿಗೆ ಶೌಚಾಲಯವಿರಲಿಲ್ಲ. ವೃತ್ತಿಯಿಂದ ಟೈಲರ್ ಆಗಿದ್ದ ವಿಜಿ ಎಂಬಾಕೆ ಅವರನ್ನು ‘ಪೆಣ್‌ಕೂಟ್ಟ್’ ಎಂಬ ಗುಂಪಾಗಿ ಕೂಡಿಸಿದರು. ಮೊದಲು ಕೇಳಿದ್ದು ಶೌಚಾಲಯ, ಕೂರುವ ಹಕ್ಕಿನ ಮಾತು ಬಂದದ್ದು ಅದರ ಬಳಿಕ. ದೊಡ್ಡ ಕಾರ್ಮಿಕ ಸಂಘಗಳು ಈ ಹೆಂಗಸರನ್ನು ಗಂಭೀರವಾಗಿ ತೆಗೆದುಕೊಳ್ಳದಿದ್ದಾಗ ಅವರೇ ತಮ್ಮದೊಂದು ಯೂನಿಯನ್ ಕಟ್ಟಿದರು. ತ್ರಿಶೂರಿನ ಸೀರೆ ಮಳಿಗೆಯೊಂದರ ಹೆಂಗಸರು ಬೀದಿಯಲ್ಲೇ ಕುಳಿತು ಮುಷ್ಕರ ಹೂಡಿದರು. 2018ರಲ್ಲಿ ತಿದ್ದುಪಡಿ ಬಂತು, ಅದೇ ವರ್ಷ ಬಿಬಿಸಿಯ ನೂರು ಮಹಿಳೆಯರ ಪಟ್ಟಿಯಲ್ಲಿ ವಿಜಿಯ ಹೆಸರೂ ಬಂತು. ಇವತ್ತಿಗೂ ಕೇರಳದ ಎಲ್ಲ ಅಂಗಡಿಯಲ್ಲಿ ಸ್ಟೂಲು ಇದೆ ಎಂದು ನಾನು ಹೇಳಲಾರೆ. ಆದರೆ ಸ್ಟೂಲು ಇಲ್ಲದ ಕಡೆ ಅಲ್ಲಿ ಕಾನೂನು ಮುರಿದಂತಾಗುತ್ತದೆ. ಇಲ್ಲಿನ ಅಂಗಡಿ ಕಾಯ್ದೆಯಲ್ಲಿ ಹಾಗೇನೂ ಆಗುವುದಿಲ್ಲ.

ಇದೇನೂ ಹೊಸ ಕಾಲದ ಮುದ್ದಿನ ಬೇಡಿಕೆಯಲ್ಲ. ಬ್ರಿಟನ್ 1899ರಲ್ಲೇ ಅಂಗಡಿಯ ಮೂವರು ಹೆಣ್ಣು ನೌಕರರಿಗೆ ಕನಿಷ್ಠ ಒಂದು ಆಸನ ಇರಲೇಬೇಕೆಂದು ಪ್ರತ್ಯೇಕ ಕಾಯ್ದೆ ಮಾಡಿತ್ತು. ನಮ್ಮದೇ 1948ರ ಕಾರ್ಖಾನೆ ಕಾಯ್ದೆಯ 44ನೇ ಕಲಮಿನಲ್ಲಿ ನಿಂತು ಕೆಲಸ ಮಾಡುವವರಿಗೆ ಕೂರುವ ವ್ಯವಸ್ಥೆ ಇರಬೇಕೆಂದಿತ್ತು. ಅಂದರೆ ಪುತ್ತೂರಿನ ಕ್ಯಾಂಪ್ಕೊ ಚಾಕೊಲೇಟ್ ಕಾರ್ಖಾನೆಯೊಳಗೆ ಯಂತ್ರದ ಮುಂದೆ ನಿಲ್ಲುವವರ ಕಾಲಿನ ಬಗ್ಗೆ ಕಾನೂನಿಗೆ ಕಾಳಜಿ ಇತ್ತು, ಅದೇ ಚಾಕೊಲೇಟನ್ನು ಪೇಟೆಯ ಕೌಂಟರಿನಲ್ಲಿ ಮಾರುವವರ ಕಾಲಿನ ಬಗ್ಗೆ ಇರಲಿಲ್ಲ.

ಈಗ ಸರ್ಕಾರದ ಗಂಟೆಯ ಲೆಕ್ಕಕ್ಕೆ ಬರೋಣ. 1961ರ ಕಾಯ್ದೆಯ ಪ್ರಕಾರ ದಿನಕ್ಕೆ 9, ವಾರಕ್ಕೆ 48 ಗಂಟೆ ಕೆಲಸ. ಹೆಚ್ಚುವರಿ ಸೇರಿಸಿ ದಿನಕ್ಕೆ 10 ಮೀರುವಂತಿಲ್ಲ. ಮೂರು ತಿಂಗಳಲ್ಲಿ ಒಟ್ಟು ಹೆಚ್ಚುವರಿ ದುಡಿಮೆ 50 ಗಂಟೆ ದಾಟುವಂತಿಲ್ಲ. 2025ರ ಪ್ರಸ್ತಾವದಲ್ಲಿ 9 ಹೋಗಿ 10 ಆಯಿತು, 10 ಹೋಗಿ 12 ಆಯಿತು, 50 ಹೋಗಿ 144 ಆಯಿತು. ಮೂರು ತಿಂಗಳಿಗೆ ಹದಿಮೂರು ವಾರ, ವಾರಕ್ಕೆ ಆರರಂತೆ 78 ಕೆಲಸದ ದಿನ. 144ನ್ನು 78ರಿಂದ ಭಾಗಿಸಿ ನೋಡಿ: ದಿನಕ್ಕೆ ಸುಮಾರು 1 ಗಂಟೆ 50 ನಿಮಿಷ. ಇದನ್ನು ಓವರ್‌ಟೈಮ್ ಎನ್ನುವುದು ಸುಳ್ಳು. ದಿನಂಪ್ರತಿ ಮಾಡಿಸಬಹುದಾದ ಕೆಲಸ ಹೆಚ್ಚುವರಿ ಹೇಗಾದೀತು? ಈ 144 ಎಲ್ಲಿಂದ ಬಂತು ಎಂಬುದೂ ಗಮನಿಸುವಂಥದ್ದು. 2023ರ ಫೆಬ್ರವರಿಯಲ್ಲಿ, ಬೊಮ್ಮಾಯಿ ಸರ್ಕಾರದ ಕೊನೆಯ ದಿನಗಳಲ್ಲಿ, ಕಾರ್ಖಾನೆ ಕಾಯ್ದೆಗೆ ರಾಜ್ಯ ತಂದ ತಿದ್ದುಪಡಿಯಲ್ಲಿ ಇದ್ದದ್ದೂ ಇದೇ ಸಂಖ್ಯೆ. ಬಿಜೆಪಿ ಕಾರ್ಖಾನೆಗೆ ಬರೆದ ಲೆಕ್ಕವನ್ನು ಕಾಂಗ್ರೆಸ್ ಅಂಗಡಿಗೆ ನಕಲು ಮಾಡಿತು. ಉಳಿದೆಲ್ಲದರಲ್ಲಿ ಕಚ್ಚಾಡುವ ಇವರಿಬ್ಬರಿಗೆ ಈ ಒಂದು ಅಂಕೆಯಲ್ಲಿ ಎಷ್ಟು ಚಂದದ ಒಮ್ಮತ ನೋಡಿ ಮಾರಾಯ್ರೆ.

2025ರ ಪ್ರಸ್ತಾವಕ್ಕೆ ವಿರೋಧ ಎದ್ದಿತು, ನಿಜ. ಎದ್ದದ್ದು ಬೆಂಗಳೂರಿನ ಐಟಿ ನೌಕರರ ಸಂಘದಿಂದ. ಟಿ.ವಿ. ಚರ್ಚೆಗಳೆಲ್ಲ ಲ್ಯಾಪ್‌ಟಾಪಿನ ಸುತ್ತಲೇ ನಡೆದವು. ಆ ಸಂಘಕ್ಕೆ ನನ್ನ ಮೆಚ್ಚುಗೆಯಿದೆ, ಅದೂ ದನಿ ಎತ್ತದಿದ್ದರೆ ಸದ್ದಿಲ್ಲದೆ ಮುಗಿದುಹೋಗುತ್ತಿತ್ತು. ಆದರೆ ಈ ಕಾಯ್ದೆ ಹುಟ್ಟಿದ್ದು ಐಟಿ ಕಂಪನಿಗಳು ಬರುವ ಮೊದಲು, ಅಂಗಡಿಯವರಿಗಾಗಿ. ಹತ್ತು ಗಂಟೆ ಕುಳಿತರೆ ಬೆನ್ನು ನೋಯುತ್ತದೆ ಎಂಬ ವಾದ ರಾಜ್ಯಕ್ಕೆಲ್ಲ ಕೇಳಿತು. ಹತ್ತು ಗಂಟೆ ನಿಂತರೆ ಏನಾಗುತ್ತದೆ ಎಂದು ಹೇಳಲು ಸುಳ್ಯದ ಕೌಂಟರಿನಿಂದ ಯಾರನ್ನೂ ಕರೆಯಲಿಲ್ಲ. ಕಾಲಿನ ರಕ್ತನಾಳ ಉಬ್ಬಿ ಗಂಟು ಕಟ್ಟುವುದು, ಹಿಮ್ಮಡಿಯ ನೋವು, ಪಾದ ಬಾತು ಸಂಜೆಗೆ ಚಪ್ಪಲಿ ಹಿಡಿಯದಿರುವುದು ಇವೆಲ್ಲ ಇಪ್ಪತ್ತೈದರ ವಯಸ್ಸಿಗೆ ಬರಬೇಕಾದ ಕಾಯಿಲೆಗಳಲ್ಲ.

ಗಂಟೆ ಏರಿಸುವವರು ಅಜ್ಜಾವರದ ದಾರಿಯನ್ನೂ ಒಮ್ಮೆ ನೋಡಬೇಕು. ಸಂಜೆ ಮಳಿಗೆಯ ಶಟರು ಎಳೆದ ಮೇಲೂ ಬಿಲ್ಲಿಂಗಿನ ಲೆಕ್ಕ ತಾಳೆಯಾಗಬೇಕು, ಬಿಡಿಸಿದ ಬಟ್ಟೆ ಮಡಚಿ ಇಡಬೇಕು. ಆ ಹೊತ್ತು ಸಂಬಳದ ಲೆಕ್ಕಕ್ಕೆ ಸೇರುವುದಿಲ್ಲ. ಅಷ್ಟರಲ್ಲಿ ಊರಿನ ಬಸ್ಸು ಹೋಗಿರುತ್ತದೆ. ಮತ್ತೆ ಕಾಂತಮಂಗಲ ದಾಟಿ ಹೋಗುವ ಯಾವುದಾದರೂ ಆಟೋ, ಇಲ್ಲವೇ ಅಣ್ಣನ ಬೈಕು. ಈ ಕಡೆ ಕತ್ತಲೆಂದರೆ ಬರೀ ಕತ್ತಲಲ್ಲ, ಆನೆಯ ಭಯವೂ ಹೌದು. 2023ರ ಏಪ್ರಿಲ್‌ನಲ್ಲಿ ಅಜ್ಜಾವರದ ತುದಿಯಡ್ಕದಲ್ಲಿ ಮರಿಗಳ ಸಮೇತ ಆನೆಗಳು ತೋಟದ ಕೆರೆಗೆ ಬಿದ್ದದ್ದು ರಾಜ್ಯಕ್ಕೇ ಸುದ್ದಿಯಾಯಿತು. ರಾತ್ರಿ ತೋಟದ ಬದಿಯ ದಾರಿಯಲ್ಲಿ ನಡೆದು ಬರುವ ಹುಡುಗಿ ಸುದ್ದಿಯಾಗುವುದಿಲ್ಲ. 2021ರ ಜನವರಿಯಲ್ಲಿ, ಹತ್ತು ಮತ್ತು ಹೆಚ್ಚು ಜನರಿರುವ ಅಂಗಡಿಗಳು ದಿನದ 24 ಗಂಟೆಯೂ ತೆರೆದಿರಬಹುದೆಂದು ಆದೇಶ ಹೊರಡಿಸಿದಾಗ ಸರ್ಕಾರವೇ ಷರತ್ತು ಹಾಕಿತ್ತು: ಹೆಂಗಸರನ್ನು ರಾತ್ರಿ 8ರ ಮೇಲೆ ಸಾಮಾನ್ಯವಾಗಿ ದುಡಿಸುವಂತಿಲ್ಲ, ದುಡಿಸುವುದಾದರೆ ಅವರ ಲಿಖಿತ ಒಪ್ಪಿಗೆ ಬೇಕು, ರಕ್ಷಣೆ ಬೇಕು, ವಾಹನ ಬೇಕು. ತೆರೆದಿಡುವ ಅನುಮತಿ ಎಲ್ಲ ಮಾಲೀಕರಿಗೂ ಬಾಯಿಪಾಠ. ವಾಹನದ ಮಾತು ಬಂದಾಗ ಮಾತ್ರ ‘ನಮ್ಮದು ಸಣ್ಣ ಊರಲ್ವಾ’ ಎನ್ನುತ್ತಾರೆ.

ಇವರ ತಾಯಂದಿರ ತಲೆಮಾರಿನ ಜೊತೆ ಹೋಲಿಸಿದರೆ ಇನ್ನೂ ಬೇಜಾರಾಗುತ್ತದೆ. ನಮ್ಮ ಜಿಲ್ಲೆಯ ಹೆಂಗಸರು ಮನೆಯ ಜಗಲಿಯಲ್ಲಿ ಮೊರ ಮಡಿಲಲ್ಲಿಟ್ಟು ಬೀಡಿ ಕಟ್ಟಿದರು. ಸುಖದ ಕೆಲಸವಲ್ಲ ಅದು. ಎಲೆ ಕಡಿಮೆ ಕೊಟ್ಟು ಬೀಡಿ ಹೆಚ್ಚು ಕೇಳುವ ಗುತ್ತಿಗೆದಾರ, ತಿರಸ್ಕರಿಸಿ ಬಿಸಾಡುವ ಬ್ರಾಂಚು, ಹೊಗೆಸೊಪ್ಪಿನ ದೂಳಿನ ಕೆಮ್ಮು ಎಲ್ಲ ಇತ್ತು. ಆದರೆ ಸಂಘವೂ ಇತ್ತು. 1966ರ ಬೀಡಿ ಕಾರ್ಮಿಕರ ಕಾಯ್ದೆಯ ವಿರುದ್ಧ ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದಾಗ, 1974ರಲ್ಲಿ ಕೋರ್ಟು ಕಾಯ್ದೆಯನ್ನೇ ಎತ್ತಿಹಿಡಿಯಿತು. ಆ ಪ್ರಕರಣ ಇಂದಿಗೂ ನಮ್ಮ ಮಂಗಳೂರು ಗಣೇಶ್ ಬೀಡಿಯ ಹೆಸರಿನಲ್ಲೇ ಕಾನೂನು ಪುಸ್ತಕದಲ್ಲಿದೆ. ಮನೆಯಲ್ಲಿ ಕುಳಿತು ಕಟ್ಟುವವಳೂ ಕಾರ್ಮಿಕಳೇ ಎಂದಾಯಿತು. ಪಿ.ಎಫ್. ಬಂತು, ಮಕ್ಕಳಿಗೆ ವಿದ್ಯಾರ್ಥಿವೇತನ ಬಂತು. ಆ ವಿದ್ಯಾರ್ಥಿವೇತನದಲ್ಲಿ ಓದಿದ ಮಗಳು ಇಂದು ಶೋರೂಮಿನಲ್ಲಿ ಟೈ ಕಟ್ಟಿ ನಿಂತಿದ್ದಾಳೆ, ಎಷ್ಟೋ ಕಡೆ ಕೈಯಲ್ಲಿ ನೇಮಕಾತಿ ಪತ್ರವೂ ಇಲ್ಲದೆ. ಕೊಡಲೇಬೇಕೆಂದು ಇದೇ 1961ರ ಕಾಯ್ದೆಯಲ್ಲಿದೆ. ಸಂಬಳ ಮುರಿಯುವ ಮೊದಲು ನೌಕರಳ ಮಾತು ಕೇಳಬೇಕು, ಅವಳದೇ ಅಜಾಗ್ರತೆ ಎಂದು ತೋರಿಸಬೇಕು ಎಂದು ವೇತನ ಕಾನೂನಿನಲ್ಲಿದೆ. ಸಾಮೂಹಿಕವಾಗಿ ಕತ್ತರಿಸುವ ‘ಶಾರ್ಟೇಜ್’ ಎಂಬುದಕ್ಕೆ ಯಾವ ಕಲಮಿನ ಆಧಾರವೂ ಇಲ್ಲ.

ಮಾಲೀಕರ ವಾದಗಳು ಗೊತ್ತಿರುವವೇ. ನೌಕರ ಕುಳಿತಿದ್ದರೆ ಗಿರಾಕಿಗೆ ಅಗೌರವವಂತೆ. ಬ್ಯಾಂಕಿನಲ್ಲಿ, ತಾಲೂಕು ಕಚೇರಿಯಲ್ಲಿ ನಾವು ನಿಂತು ಅವರು ಕುಳಿತಿರುವಾಗ ಕೆಡದ ಗೌರವ ಚೂಡಿದಾರ್ ಕೊಳ್ಳುವಾಗ ಕೆಡುವುದು ಹೇಗೆ? ಸೀರೆ ಅಂಗಡಿಯಲ್ಲಿ ನಮ್ಮನ್ನೇ ಕೂರಿಸಿ ಕಾಫಿ ಕೊಡುತ್ತಾರೆ, ಎದುರಿನವಳು ಕೂರಬಾರದು ಎಂದು ನಾವೇನೂ ಅರ್ಜಿ ಕೊಟ್ಟಿಲ್ಲ. ಸಣ್ಣ ಅಂಗಡಿಯವರಿಗೆ ಹೊರೆ ಎನ್ನುವ ಇನ್ನೊಂದು ವಾದವಂತೂ ನಗೆ ಬರಿಸುತ್ತದೆ. ನಮ್ಮ ಹಳೆಯ ಜೀನಸಿನ ಅಂಗಡಿಗಳಲ್ಲಿ ಧಣಿಯೂ ಕೂರುತ್ತಿದ್ದರು, ಸಾಮಾನು ಕಟ್ಟುವವನೂ ಬಿಡುವಾದಾಗ ಅಕ್ಕಿ ಮೂಟೆಯ ಮೇಲೆ ಕೂರುತ್ತಿದ್ದ. ಕೂರಬಾರದೆಂಬ ನಿಯಮ ಬಂದದ್ದು ದೊಡ್ಡವರ ಜೊತೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ: 2025ರ ನವೆಂಬರ್ 21ರಂದು ಜಾರಿಯಾದ ಕೇಂದ್ರದ ಕಾರ್ಮಿಕ ಸಂಹಿತೆಯಲ್ಲಿ ನಿಂತು ದುಡಿಯುವವರಿಗೆ ಆಸನದ ಮಾತು ಇದೆಯಲ್ಲ, ಮತ್ತೆ ರಾಜ್ಯಕ್ಕೇಕೆ ಬೇರೆ ಕಾನೂನು? ಇದೆ, ಒಪ್ಪಿದೆ. ಆದರೆ ಅದು ಕಲ್ಯಾಣ ಸೌಲಭ್ಯಗಳ ಉದ್ದ ಪಟ್ಟಿಯಲ್ಲಿ ಒಂದು ಸಾಲು, ನಿಯಮಗಳಲ್ಲಿ ಹೇಳಿದಂತೆ ನಡೆಯಬೇಕಾದದ್ದು. ಹತ್ತು ಜನಕ್ಕಿಂತ ಕಡಿಮೆ ಇರುವ ಕಡೆಗೆ ತಾಗುವುದಿಲ್ಲ. ಸರಣಿ ಮಳಿಗೆಯ ಸಣ್ಣ ಶಾಖೆಗಳಲ್ಲಿ ಏಳೆಂಟು ಜನ ಸಾಕು, ಅದರಲ್ಲೂ ಅರ್ಧ ಜನ ಯಾವುದೋ ಏಜೆನ್ಸಿಯ ಲೆಕ್ಕದಲ್ಲಿರುತ್ತಾರೆ. ಕೇರಳ, ತಮಿಳುನಾಡಿನ ಕಲಮುಗಳು ಜನ ಎಣಿಸದೆ ನೇರವಾಗಿ ಅಂಗಡಿಗೇ ಹೇಳಿದವು.

ಕರ್ನಾಟಕಕ್ಕೆ ಹೆಂಗಸರ ಮೈಯ ಬಗ್ಗೆ ಕಾಳಜಿಯೇ ಇಲ್ಲವೆಂದೂ ಹೇಳಲಾಗದು. 2025ರ ನವೆಂಬರ್‌ನಲ್ಲಿ ಇದೇ ಸರ್ಕಾರ ತಿಂಗಳಿಗೊಂದು ಸಂಬಳಸಹಿತ ಮುಟ್ಟಿನ ರಜೆಯ ಆದೇಶ ಮಾಡಿತು, ಅಂಗಡಿ ಕಾಯ್ದೆಯ ಸಂಸ್ಥೆಗಳನ್ನೂ ಅದರಲ್ಲಿ ಸೇರಿಸಿತು. ಕಾರ್ಮಿಕ ಸಚಿವ ಸಂತೋಷ್ ಲಾಡ್ ಅದಕ್ಕಾಗಿ ಹೊಗಳಿಸಿಕೊಂಡರು, ಹೊಗಳಬೇಕಾದದ್ದೇ. ಆದರೆ ವಾರದ ರಜೆಯನ್ನೇ ಹೆದರಿ ಕೇಳುವ ಹುಡುಗಿ ಆ ರಜೆಯನ್ನು ಯಾವ ಸೂಪರ್‌ವೈಸರನ ಮುಂದೆ ಹೋಗಿ ಕೇಳಬೇಕು? ತಿಂಗಳ ಆ ಒಂದು ದಿನ ಬಿಟ್ಟು ಉಳಿದ ಇಪ್ಪತ್ತೈದು ದಿನ ಅವಳು ನಿಂತೇ ಇರಬೇಕೆಂಬುದು ಸಚಿವರ ಅಭಿಪ್ರಾಯವೇ?

ಸುಳ್ಯದ ಶಾಸಕಿ ಭಾಗೀರಥಿ ಮುರುಳ್ಯ ವಿರೋಧ ಪಕ್ಷದವರು. ಗಂಟೆ ಏರಿಸುವುದರಲ್ಲಿ ಅವರ ಪಕ್ಷದ ಕೈಯೂ ಶುದ್ಧವಿಲ್ಲ, ಆದರೂ ಖಾಸಗಿ ಮಸೂದೆಯ ದಾರಿ ಅವರಿಗೆ ತೆರೆದೇ ಇದೆ. ಮಾದರಿ ಹುಡುಕಿ ತಜ್ಞರ ಸಮಿತಿ ಮಾಡಬೇಕಾಗಿಯೂ ಇಲ್ಲ. ತಮಿಳುನಾಡಿನ 22-ಎ ಪುಟ ತುಂಬುವಷ್ಟೂ ಉದ್ದವಿಲ್ಲ, ಕನ್ನಡಕ್ಕೆ ತಂದರೆ ನಾಲ್ಕೈದು ಸಾಲು. ಅದರ ಕೆಳಗೆ ಇನ್ನೆರಡು ಸಾಲು ಸೇರಿಸಲಿ: ಶಟರು ಎಳೆದ ನಂತರದ ಹೊತ್ತೂ ದುಡಿಮೆಯ ಲೆಕ್ಕಕ್ಕೆ ಸೇರಬೇಕು, ಮತ್ತು ರಾತ್ರಿ 8 ದಾಟಿದರೆ ಮನೆ ಬಾಗಿಲ ತನಕ ವಾಹನ ಅಂಗಡಿಯವರದೇ ಖರ್ಚಿನಲ್ಲಿ. ಲಾಡ್ ಅವರು ಅದನ್ನು ಸರ್ಕಾರಿ ಮಸೂದೆಯಾಗಿ ತಮ್ಮ ಹೆಸರಿಗೇ ಬರೆದುಕೊಂಡರೂ ಇಲ್ಲಿ ಯಾರಿಗೂ ತಕರಾರಿಲ್ಲ. ಆ ತನಕ 144ರ ಕಡತ ವಿಕಾಸಸೌಧದ ಯಾವ ಮೇಜಿನ ಮೇಲೂ ತೆರೆಯಬಾರದು.